ಎನಿಮಾ ತೆಗೆದುಕೊಂಡ ದಿನ ಮನಸ್ಸೂ ಹಗುರಾಗುತ್ತದೆ. ಇದನ್ನು ದಿನಚರಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ಇಂಚರ

ನನಗೆ ಬಹಳ ಕಾಲದಿಂದ ಮಲಬದ್ಧತೆ ಇದೆ. ಎರಡು ಮೂರು ದಿನ ಹೊಟ್ಟೆ ಕಟ್ಟಿಕೊಂಡರೆ ಸಾಕು, ಉಬ್ಬರ, ತಲೆಭಾರ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಸಣ್ಣ ಮಾತಿಗೂ ಸಿಡುಕು, ಎಲ್ಲವೂ ಒಟ್ಟಿಗೇ ಬರುತ್ತವೆ. ಕೆಲವು ತಿಂಗಳಿಂದ ಮನೆಯಲ್ಲೇ ಎನಿಮಾ (ಗುದದ್ವಾರದ ಮೂಲಕ ಕರುಳಿಗೆ ದ್ರವ ಹಾಯಿಸಿ ಮಲ ಹೊರಹಾಕುವುದು) ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಬರೀ ಉಗುರುಬೆಚ್ಚಗಿನ ನೀರನ್ನು ಬಳಸುತ್ತಿದ್ದೆ, ಈಚೆಗೆ ಸೋಸಿದ ಕಾಫಿ ಕಷಾಯವನ್ನೂ ಬಳಸಿ ನೋಡಿದೆ. ನೀರು ಹೊರಗೆ ಹೋದ ಮೇಲೆ ಹೊಟ್ಟೆ ಮಾತ್ರವಲ್ಲ, ತಲೆಯೂ ತಿಳಿಯಾದಂತೆ ಅನಿಸುತ್ತದೆ. ಆದರೆ ಆ ಹಗುರ ಅರ್ಧ ದಿನ ಇದ್ದರೆ ಹೆಚ್ಚು, ಮತ್ತೆ ಅದೇ ಭಾರ ಮರಳುತ್ತದೆ.

ಕರುಳಿನ ಗೋಡೆಗೆ ಅಂಟಿದ ಹಳೆಯ ಕಲ್ಮಶದ ವಿಷವು ರಕ್ತಕ್ಕೆ ಸೇರಿ ಖಿನ್ನತೆ, ಆತಂಕಗಳನ್ನು ಉಂಟುಮಾಡುತ್ತದೆ, ದಿನವೂ ಎನಿಮಾ ತೆಗೆದುಕೊಂಡರೆ ಅದು ಪೂರ್ತಿ ತೊಳೆದುಹೋಗುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಈಚೆಗೆ ಬಿಳಿ ದಾರದಂಥ ಎಳೆಗಳು ನೀರಿನೊಂದಿಗೆ ಹೊರಬರುತ್ತಿರುವುದರಿಂದ ಆ ಮಾತು ನಿಜವಿರಬಹುದೆಂದು ತೋರುತ್ತಿದೆ. ಹೀಗಿರುವಾಗ ಇದನ್ನು ದಿನವೂ ಮಾಡುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹಗಲುಪಾಳಿ

ಇಂಚರ ಅವರೇ, ನಾನು ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಎನಿಮಾ ಕೊಡುವುದು ನಮ್ಮ ನಿತ್ಯದ ಕೆಲಸಗಳಲ್ಲಿ ಒಂದಾದ್ದರಿಂದ ಅದರ ಮೇಲೆ ನನಗೆ ಯಾವ ತಿರಸ್ಕಾರವೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ಕಂಡ ಬಿಳಿ ಎಳೆಗಳು ಹಳೆಯ ಕಲ್ಮಶವಲ್ಲ, ಲೋಳೆ. ದೊಡ್ಡ ಕರುಳಿನ ಒಳಗೋಡೆ ತನ್ನ ರಕ್ಷಣೆಗಾಗಿ ಸದಾ ಲೋಳೆಯನ್ನು ಸುರಿಸುತ್ತಿರುತ್ತದೆ. ಅದಕ್ಕೆ ಕಿರಿಕಿರಿಯಾದಾಗ ಇನ್ನೂ ಹೆಚ್ಚು ಸುರಿಸುತ್ತದೆ, ಅದು ನೀರಿನಲ್ಲಿ ಹೆಪ್ಪುಗಟ್ಟಿದಂತಾಗಿ ದಾರದ ಹಾಗೆ, ಕೆಲವೊಮ್ಮೆ ತೆಳುವಾದ ಪೊರೆಯ ಹಾಗೆ ಕಾಣುತ್ತದೆ. ಮೊದಲೆಲ್ಲ ಇಲ್ಲದಿದ್ದದ್ದು ಈಗ ಬರುತ್ತಿದೆ ಎಂದರೆ ಒಳಗೆ ಶುದ್ಧಿಯಾಗುತ್ತಿದೆ ಎಂದಲ್ಲ, ಒಳಪದರ ಕೆರಳುತ್ತಿದೆ ಎಂದೇ ತಿಳಿಯಬೇಕು. ಆ ಒಳಪದರದ ಜೀವಕೋಶಗಳು ಸುಮಾರು 3ರಿಂದ 5 ದಿನಗಳಲ್ಲಿ ಉದುರಿ ಹೊಸದಾಗುತ್ತವೆ. ಹೀಗೆ ಸದಾ ಬದಲಾಗುತ್ತಿರುವ ಗೋಡೆಗೆ ವರ್ಷಗಟ್ಟಲೆ ಮಲ ಅಂಟಿಕೊಂಡಿರಲು ಎಡೆಯೇ ಇಲ್ಲ. ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡುವಾಗ ಪರದೆಯ ಮೇಲೆ ಕಾಣುವುದೂ ಹಾಗೆಯೇ: ಚೆನ್ನಾಗಿ ಖಾಲಿಯಾದ ಆರೋಗ್ಯವಂತ ಕರುಳು ನಸುಗೆಂಪಾಗಿ, ನುಣುಪಾಗಿ, ಸಣ್ಣ ರಕ್ತನಾಳಗಳ ಜಾಲ ಎದ್ದು ತೋರುವಂತಿರುತ್ತದೆ. ಕಪ್ಪು ಪದರವೊಂದು ಗೋಡೆಗೆ ಮೆತ್ತಿಕೊಂಡಿರುವುದನ್ನು ನಾನು ಒಮ್ಮೆಯೂ ನೋಡಿಲ್ಲ.

ಇನ್ನೊಂದು ವಿಷಯ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿದೆ. ಮನೆಯಲ್ಲಿ ತೆಗೆದುಕೊಳ್ಳುವ ಎನಿಮಾ ಸಾಮಾನ್ಯವಾಗಿ ಗುದನಾಳವನ್ನೂ ಕರುಳಿನ ಎಡಭಾಗದ ಕೆಳಗಿನ ತುಂಡನ್ನೂ ಮಾತ್ರ ಖಾಲಿ ಮಾಡುತ್ತದೆ. ಆಸ್ಪತ್ರೆಯಲ್ಲಿ ನಾವು ಅದನ್ನು ಬಳಸುವುದೂ ಅಷ್ಟಕ್ಕೇ: ಗಟ್ಟಿಯಾದ ಮಲ ಗುದನಾಳದಲ್ಲಿ ಕಲ್ಲಿನಂತೆ ಸಿಕ್ಕಿಕೊಂಡಾಗ, ಕರುಳಿನ ಕೆಳಭಾಗದ ಪರೀಕ್ಷೆಗೆ ಮುನ್ನ, ಅಥವಾ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ) ಇರುವವರಿಗೆ ಔಷಧವನ್ನು ನೇರವಾಗಿ ಹುಣ್ಣಿನ ಜಾಗಕ್ಕೇ ತಲುಪಿಸಬೇಕಾದಾಗ.

ಅಪಾಯಗಳ ಬಗ್ಗೆಯೂ ಬಿಡಿಸಿ ಹೇಳಬೇಕು. ಬರೀ ನೀರನ್ನು ಹೆಚ್ಚು ಪ್ರಮಾಣದಲ್ಲಿ ಮತ್ತೆ ಮತ್ತೆ ಹಾಕಿದರೆ ಅದರಲ್ಲೊಂದು ಪಾಲು ಕರುಳಿನಿಂದ ರಕ್ತಕ್ಕೆ ಸೇರಿ ಸೋಡಿಯಂ ಅಂಶ ಕುಸಿಯಬಹುದು. ತಲೆಸುತ್ತು, ವಾಕರಿಕೆ, ಗೊಂದಲದಿಂದ ಆರಂಭವಾಗಿ ಅದು ಫಿಟ್ಸ್ ವರೆಗೂ ಹೋಗಬಲ್ಲದು. ಔಷಧದಂಗಡಿಯಲ್ಲಿ ಸಿಗುವ ಸೋಡಿಯಂ ಫಾಸ್ಫೇಟ್ ಎನಿಮಾ ಬೇರೆ ರೀತಿಯಲ್ಲಿ ಕೆಡುಕು ಮಾಡುತ್ತದೆ. ಅದು ದೇಹದ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತದೆ, ಫಾಸ್ಫೇಟ್ ರಕ್ತಕ್ಕೆ ಸೇರುತ್ತದೆ. ಅದನ್ನು 24 ಗಂಟೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬಳಸಿದರೆ ಮೂತ್ರಪಿಂಡಕ್ಕೂ ಹೃದಯಕ್ಕೂ ತೀವ್ರ ಹಾನಿಯಾಗಿ ಸಾವೂ ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಎಚ್ಚರಿಕೆ ನೀಡಿತು. ಸಾಬೂನಿನ ನೀರು, ಹೈಡ್ರೋಜನ್ ಪೆರಾಕ್ಸೈಡ್‌ಗಳಂಥವು ಒಳಪದರವನ್ನೇ ಸುಡುತ್ತವೆ. ಕಾಫಿಯೂ ನಿರಪಾಯಕಾರಿಯಲ್ಲ. ಸಾಕಷ್ಟು ಆರಿಸದೆ ಹಾಕಿ ಗುದನಾಳ ಸುಟ್ಟುಕೊಂಡವರು, ಕರುಳಿನ ಉರಿಯೂತಕ್ಕೆ ಒಳಗಾದವರು ಇದ್ದಾರೆ. ಕಾಫಿ ಎನಿಮಾಕ್ಕೆ ಸಂಬಂಧಿಸಿದ ಎರಡು ಸಾವುಗಳು 1980ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿವೆ.

ಕೊಳವೆಯ ತುದಿಯಿಂದ ಆಗುವ ಗಾಯವನ್ನು ಜನ ಅಷ್ಟಾಗಿ ಲೆಕ್ಕಿಸುವುದಿಲ್ಲ. ಗುದದ್ವಾರದಿಂದ ಒಳಗೆ ಹೋಗುವ ದಾರಿ ನೇರವಾಗಿಲ್ಲ. ಮೊದಲು ಹೊಕ್ಕುಳಿನ ಕಡೆಗೆ ಸಾಗಿ, ಆಮೇಲೆ ಬೆನ್ನಿನ ಕಡೆಗೆ ತಿರುಗುತ್ತದೆ. ಕಮೋಡಿನ ಮೇಲೆ ಕುಳಿತೋ ನಿಂತೋ ಕೊಳವೆಯನ್ನು ನೂಕಿದರೆ ಅದರ ತುದಿ ಗುದನಾಳದ ಮುಂದಿನ ಗೋಡೆಗೆ ನೇರವಾಗಿ ತಾಗುತ್ತದೆ, ಮತ್ತು ತೂತಾಗುವುದೂ ಹೆಚ್ಚಾಗಿ ಅಲ್ಲಿಯೇ. ಅದಕ್ಕಾಗಿಯೇ ನಾವು ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳನ್ನು ಎದೆಯ ಕಡೆಗೆ ಮಡಿಸಿ, ತುದಿಗೆ ಜೆಲ್ಲಿ ಸವರಿ, ತಡೆ ಸಿಕ್ಕರೆ ಅಲ್ಲಿಗೇ ನಿಲ್ಲಿಸುತ್ತೇವೆ. ಎನಿಮಾ ತೆಗೆದುಕೊಂಡ ಬಳಿಕ ಕಡಿಮೆಯಾಗದ ಹೊಟ್ಟೆನೋವು, ಜ್ವರ ಅಥವಾ ರಕ್ತ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನೀವು ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇದೆಯೇ? ಇದನ್ನು ತಿಳಿಯದೆ ಮುಂದಿನ ಮಾತು ಹೇಳುವುದು ಸರಿಯಾಗದು.

ಉತ್ತರ: ಹಳೆಯ ಹೊತ್ತಗೆ

ಕರುಳಿನ ವಿಷದಿಂದ ಮನಸ್ಸು ಕೆಡುತ್ತದೆ ಎಂಬ ವಾದ ಹೊಸದಲ್ಲ. ಅದರ ಚರಿತ್ರೆಯನ್ನು ಓದಿದವರಿಗೆ ಇಂಚರ ಅವರ ಪ್ರಶ್ನೆಯ ಮುಖ್ಯ ಭಾಗಕ್ಕೆ ಅಲ್ಲಿಯೇ ಉತ್ತರ ಸಿಗುತ್ತದೆ.

1880ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಶಾರ್ಲ್ ಬುಷಾರ್ ಈ ವಾದಕ್ಕೆ 'ಆಟೋಇಂಟಾಕ್ಸಿಕೇಶನ್' (ದೇಹ ತನ್ನೊಳಗಿನ ವಿಷಕ್ಕೇ ತುತ್ತಾಗುವುದು) ಎಂಬ ಹೆಸರಿನಲ್ಲಿ ಶಾಸ್ತ್ರೀಯ ರೂಪ ಕೊಟ್ಟರು. 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್ ಅವರಂಥ ದೊಡ್ಡ ವಿಜ್ಞಾನಿಯೂ ಮುಪ್ಪಿಗೆ ಕಾರಣ ದೊಡ್ಡ ಕರುಳಿನಲ್ಲಿ ಕೊಳೆಯುವ ವಸ್ತುಗಳೇ ಎಂದು ನಂಬಿದ್ದರು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋಗಿ, ಮಲಬದ್ಧತೆಯಿದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ಮುಖ್ಯಾಧಿಕಾರಿ, ಹುಚ್ಚಿಗೆ ಕಾರಣ ದೇಹದಲ್ಲಿ ಅಡಗಿರುವ ಸೋಂಕು ಎಂದು ನಂಬಿ, ರೋಗಿಗಳ ಹಲ್ಲು, ಟಾನ್ಸಿಲ್, ಕೊನೆಗೆ ದೊಡ್ಡ ಕರುಳನ್ನೂ ತೆಗೆಸಿದರು. ಆ ಶಸ್ತ್ರಕ್ರಿಯೆಗಳಲ್ಲಿ ಅನೇಕರು ಸತ್ತರು. ಬದುಕಿದವರ ಮನೋರೋಗವೂ ಅದರಿಂದ ವಾಸಿಯಾಗಲಿಲ್ಲ. ಒಂದು ಸಿದ್ಧಾಂತವು ಸಾಕ್ಷ್ಯಕ್ಕಾಗಿ ಕಾಯದೆ ಚಿಕಿತ್ಸೆಯ ಮೇಜಿಗೆ ಬಂದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಪ್ರಸಂಗ ನನಗೆ ಗೊತ್ತಿಲ್ಲ.

ಈ ವಾದವನ್ನು ನಿಜವಾಗಿ ಅಲುಗಾಡಿಸಿದ್ದು ಬಹಳ ಸರಳವಾದ ಒಂದು ತರ್ಕ. ವಾಲ್ಟರ್ ಆಲ್ವರೇಜ್ ಎಂಬ ವೈದ್ಯರು 1919ರಲ್ಲಿ ಕೇಳಿದ್ದು ಹೀಗೆ: ಮಲ ವಿಸರ್ಜನೆಯಾದ ಕೂಡಲೇ ತಲೆಭಾರವೂ ಮಂಕೂ ಮಾಯವಾಗುತ್ತವೆಯಲ್ಲವೇ? ಅವು ರಕ್ತಕ್ಕೆ ಸೇರಿದ ವಿಷದಿಂದ ಬಂದಿದ್ದರೆ ಅಷ್ಟು ಬೇಗ ಹೋಗುವುದು ಸಾಧ್ಯವೇ? ರಕ್ತದಲ್ಲಿರುವ ವಿಷವನ್ನು ಯಕೃತ್ತು, ಮೂತ್ರಪಿಂಡಗಳು ತೆಗೆದುಹಾಕಲು ಗಂಟೆಗಳೇ ಬೇಕು. ಹಾಗಾಗಿ ಕಾರಣ ವಿಷವಲ್ಲ, ಗುದನಾಳ ಹಿಗ್ಗಿದಾಗ ಅಲ್ಲಿನ ನರಗಳು ಮಿದುಳಿಗೆ ಕಳುಹಿಸುವ ಸಂದೇಶ ಎಂದರು. 1922ರಲ್ಲಿ ಡೊನಾಲ್ಡ್‌ಸನ್ ಎಂಬವರು ಇದನ್ನು ಪರೀಕ್ಷೆಗೇ ಒಡ್ಡಿದರು. ಆರೋಗ್ಯವಂತರ ಗುದನಾಳದಲ್ಲಿ ಬರೀ ಹತ್ತಿಯನ್ನು ತುಂಬಿಸಿದಾಗಲೂ ಮಲಬದ್ಧತೆಯ ಅದೇ ತಲೆನೋವು, ಅದೇ ಕಸಿವಿಸಿ ಕಾಣಿಸಿಕೊಂಡವು, ತೆಗೆದೊಡನೆ ಕಡಿಮೆಯಾದವು. ಹತ್ತಿಯಲ್ಲಿ ಯಾವ ವಿಷವೂ ಇರಲಿಲ್ಲ.

ಇಂಚರ ಅವರೇ, ನಿಮಗೆ ಸಿಗುವ ಹಗುರ ಸುಳ್ಳು ಎಂದು ನಾನು ಖಂಡಿತ ಹೇಳುತ್ತಿಲ್ಲ. ಅದು ನಿಜವಾದ ಅನುಭವ. ಆದರೆ ಅದು ನೀರು ಹೊರಗೆ ಹೋದ ಕೂಡಲೇ ಬರುತ್ತದೆ ಎಂದು ನೀವೇ ಬರೆದಿದ್ದೀರಿ, ಮತ್ತು ಆ ಒಂದು ವಿವರವೇ ವಿಷದ ಕಥೆಯನ್ನು ಅಲ್ಲಗಳೆಯುತ್ತದೆ.

ಉತ್ತರ: ಜೊತೆಗಾರ

ಎನಿಮಾದಿಂದ ಮನಸ್ಸಿಗೆ ಒಳಿತಾಗುವುದೇ ಇಲ್ಲ ಎಂಬ ಅಭಿಪ್ರಾಯ ಯಾರಲ್ಲೂ ಉಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಮಲ ಬರುವುದು ಅವನಿಗೆ ತಿಳಿಯುವುದಿಲ್ಲ, ತಡೆಯಲೂ ಆಗುವುದಿಲ್ಲ. ಯಾವ ಗಳಿಗೆಯಲ್ಲಿ ಬಟ್ಟೆ ಹಾಳಾಗುವುದೋ ಎಂಬ ಹೆದರಿಕೆಯಿಂದ ಅವನು ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದ, ನೆಂಟರು ಬಂದರೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ವೈದ್ಯರ ಸಲಹೆಯ ಮೇರೆಗೆ ತರಬೇತಾದ ನರ್ಸ್ ಒಬ್ಬರು ಕರುಳಿಗೆ ನೀರು ಹಾಯಿಸುವ ವಿಧಾನವನ್ನು ನಮಗೆ ಕಲಿಸಿದರು. ಅದರ ಕೊಳವೆಯ ತುದಿಯಲ್ಲಿ ಸಣ್ಣ ಬಲೂನು ಇರುತ್ತದೆ. ಅದನ್ನು ಉಬ್ಬಿಸಿದರೆ ನೀರು ಸೋರುವುದಿಲ್ಲ. ಗೊತ್ತಾದ ಹೊತ್ತಿಗೆ ಅದನ್ನು ಮಾಡಿ ಮುಗಿಸಿದರೆ ಉಳಿದ ಹೊತ್ತು ಅವನು ನಿಶ್ಚಿಂತೆಯಿಂದ ಇರುತ್ತಾನೆ. ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ.

ಅವನ ಮನಸ್ಸು ಸುಧಾರಿಸಿದ್ದು ವಿಷ ತೊಳೆದುಹೋದದ್ದರಿಂದಲ್ಲ, ಮಾನ ಹೋಗುವ ಭಯ ತಪ್ಪಿದ್ದರಿಂದ. ಯಾವ ಅಳತೆ, ಯಾವ ಸಲಕರಣೆ, ಎಷ್ಟು ದಿನಕ್ಕೊಮ್ಮೆ ಎಂಬುದನ್ನೆಲ್ಲ ಅವನ ಕರುಳನ್ನು ಪರೀಕ್ಷಿಸಿದವರು ನಿರ್ಧರಿಸಿದ್ದಾರೆ. ಇದೇ ವಿಧಾನದಲ್ಲೂ ಕರುಳು ತೂತಾಗುವ ಸಾಧ್ಯತೆ ಅಪರೂಪವಾದರೂ ಇದೆ ಎಂದು ಮೊದಲ ದಿನವೇ ನಮಗೆ ತಿಳಿಸಿದ್ದರು. ಬೆನ್ನುಹುರಿಯ ತೊಂದರೆ ಇಲ್ಲದ ಒಬ್ಬರು ಆ ಅಪಾಯವನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು ಎಂಬುದು ನನಗೆ ಅರ್ಥವಾಗುವುದಿಲ್ಲ.

ಪ್ರತಿಕ್ರಿಯೆ: ಇಂಚರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹಗಲುಪಾಳಿ ಅವರೇ, ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇದೆಯೆಂದು ಯಾರೂ ಹೇಳಿಲ್ಲ. ಬೈಪೋಲಾರ್ (ಮನಸ್ಸು ಅತಿಯಾದ ಉತ್ಸಾಹಕ್ಕೂ ಖಿನ್ನತೆಗೂ ನಡುವೆ ತೂಗುವ) ಕಾಯಿಲೆಗಾಗಿ ಹಲವು ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಾಯಿಲೆ ಹತೋಟಿಯಲ್ಲಿರುವುದರಿಂದ ರಕ್ತಪರೀಕ್ಷೆ ಮಾಡಿಸಿ ಬಹಳ ಸಮಯವಾಗಿದೆ. ಈಚೆಗೆ ಆಯಾಸ ಹೆಚ್ಚಾಗಿದೆ, ಬೇರೆಯವರಿಗೆ ಸೆಖೆ ಎನಿಸುವಾಗಲೂ ನನಗೆ ಚಳಿಯಾಗುತ್ತದೆ, ಚರ್ಮ ಒಣಗಿದೆ, ತೂಕವೂ ಸ್ವಲ್ಪ ಏರಿದೆ. ಇದಕ್ಕೂ ಎನಿಮಾಕ್ಕೂ ಸಂಬಂಧವಿರಬಹುದೆಂದು ನನಗೆ ತೋಚಿರಲಿಲ್ಲ.

ಉತ್ತರ: ಮನೋವೈದ್ಯ

ಇಂಚರ ಅವರೇ, ನೀವು ಈಗ ಬರೆದದ್ದನ್ನು ಓದಿ ಕೂಡಲೇ ಉತ್ತರಿಸುತ್ತಿದ್ದೇನೆ. ನಿಮ್ಮನ್ನು ಪರೀಕ್ಷಿಸದೆ ರೋಗನಿರ್ಣಯ ಮಾಡಲು ನನಗೆ ಸಾಧ್ಯವಿಲ್ಲ, ಆದರೆ ಕೆಲವು ಮಾತುಗಳನ್ನು ತಡಮಾಡದೆ ಹೇಳಲೇಬೇಕು.

ಮೊದಲನೆಯದಾಗಿ, ಎನಿಮಾವನ್ನು ಸದ್ಯ ಪೂರ್ತಿ ನಿಲ್ಲಿಸಿ. ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ, ಮತ್ತು ಮೂತ್ರಪಿಂಡವು ಅದನ್ನು ಬಹುಮಟ್ಟಿಗೆ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ದೇಹದಲ್ಲಿ ನೀರೋ ಸೋಡಿಯಂ ಅಂಶವೋ ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಆಸುಪಾಸಿನಲ್ಲಿ ಇರಬೇಕಾದ ಆ ಮಟ್ಟ 1.5 ದಾಟಿದರೆ ವಿಷವಾಗತೊಡಗುತ್ತದೆ. ಪ್ರಯೋಜನಕ್ಕೂ ಅಪಾಯಕ್ಕೂ ನಡುವಿನ ಅಂತರ ಇಷ್ಟು ಕಡಿಮೆ ಇರುವ ಔಷಧಗಳು ಹೆಚ್ಚಿಲ್ಲ. ವಾಂತಿಭೇದಿಯಾದಾಗ ಲಿಥಿಯಂ ತೆಗೆದುಕೊಳ್ಳುವವರು ಎಚ್ಚರವಾಗಿರಬೇಕೆಂದು ನಾವು ಹೇಳುವುದು ಇದೇ ಕಾರಣಕ್ಕೆ. ದಿನವೂ ಕರುಳನ್ನು ತೊಳೆಯುವುದು ದೇಹದ ಮಟ್ಟಿಗೆ ಅಂಥದೇ ಸ್ಥಿತಿ. ಕೈ ದೊಡ್ಡದಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ, ಮಂಪರು, ಇವುಗಳಲ್ಲಿ ಒಂದು ಕಂಡರೂ ತುರ್ತು ಚಿಕಿತ್ಸೆಗೆ ಹೋಗಬೇಕು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು, ಏಕೆಂದರೆ ಲಿಥಿಯಂ ಒಮ್ಮೆಲೇ ನಿಂತರೆ ಕಾಯಿಲೆ ಮರುಕಳಿಸುವ ಅಪಾಯ ತೀರಾ ಹೆಚ್ಚು. ಈ ಲಕ್ಷಣಗಳು ಯಾವುವೂ ಇಲ್ಲದಿದ್ದರೂ ನಿಮ್ಮ ವೈದ್ಯರಿಗೆ ಇಂದೋ ನಾಳೆಯೋ ಫೋನ್ ಮಾಡಿ.

ಎರಡನೆಯ ಮಾತು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ನಿಧಾನಿಸುತ್ತದೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಕರುಳಿನ ಚಲನೆ ಮಂದವಾಗಿ ಮಲಬದ್ಧತೆ ಬರುತ್ತದೆ. ಅದರ ಜೊತೆಗೇ ಆಯಾಸ, ಚಳಿ, ಒಣಚರ್ಮ, ತೂಕದ ಏರಿಕೆ, ಮನಸ್ಸಿನ ಮಂಕು. ನೀವು ಬರೆದ ಪಟ್ಟಿಯೂ ಇದೇ. ಹೊಟ್ಟೆ ಕೆಟ್ಟದ್ದರಿಂದ ಮನಸ್ಸು ಕೆಟ್ಟಿತೆಂದು ನೀವು ಭಾವಿಸಿದ್ದೀರಿ. ಎರಡನ್ನೂ ಕೆಡಿಸುತ್ತಿರುವ ಮೂರನೆಯದೊಂದು ಇರಬಹುದು, ಮತ್ತು ಅದು ಒಂದು ಸಣ್ಣ ರಕ್ತಪರೀಕ್ಷೆಯಿಂದ ಗೊತ್ತಾಗುವಂಥದು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಲಿಥಿಯಂ ಮಟ್ಟ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಇಷ್ಟನ್ನು ಮಾಡಿಸಿ. ಕ್ಯಾಲ್ಸಿಯಂ ಏಕೆಂದರೆ ಲಿಥಿಯಂ ಅದನ್ನೂ ಏರಿಸಬಲ್ಲದು, ಏರಿದ ಕ್ಯಾಲ್ಸಿಯಂ ಕೂಡ ಮಲ ಕಟ್ಟಿಸುತ್ತದೆ. ಲಿಥಿಯಂ ಮಟ್ಟಕ್ಕೆ ರಕ್ತ ಕೊಡುವುದು ಹಿಂದಿನ ಮಾತ್ರೆಯಾದ ಸುಮಾರು 12 ಗಂಟೆಗಳ ನಂತರ ಇರಬೇಕು ಎಂಬುದನ್ನು ಮರೆಯಬೇಡಿ. ಥೈರಾಯ್ಡ್ ಕಡಿಮೆ ಇದ್ದರೆ ಅದಕ್ಕೆ ಮಾತ್ರೆ ಸೇರಿಸುತ್ತಾರೆ. ಸಾಮಾನ್ಯವಾಗಿ ಲಿಥಿಯಂ ಬಿಡಬೇಕಾಗಿ ಬರುವುದಿಲ್ಲ.

ಕರುಳಿಗೂ ಮಿದುಳಿಗೂ ನಂಟು ಇದೆಯೆಂಬುದು ಸತ್ಯ. ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನವು ಒಳಾಂಗಗಳಿಂದ ಮಿದುಳಿನ ಕಡೆಗೇ ಸುದ್ದಿ ಒಯ್ಯುತ್ತವೆ. ದೇಹದಲ್ಲಿರುವ, ಮನಸ್ಥಿತಿಗೆ ಸಂಬಂಧಿಸಿದ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಗೆ ದಾಟಿಹೋಗುವುದಿಲ್ಲ. ಆದ್ದರಿಂದ ಕರುಳನ್ನು ತೊಳೆದರೆ ಮಿದುಳಿನ ಸೆರೊಟೋನಿನ್ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಖಿನ್ನತೆ, ಆತಂಕಗಳಿಗೆ ಎನಿಮಾ ಚಿಕಿತ್ಸೆಯಾಗುತ್ತದೆಂದು ತೋರಿಸುವ ನಂಬತಕ್ಕ ಅಧ್ಯಯನವನ್ನು ನಾನು ನೋಡಿಲ್ಲ. ಲಿವರ್ ಕೆಟ್ಟು ಅಮೋನಿಯಾ ಏರಿ ರೋಗಿಗೆ ಬುದ್ಧಿಭ್ರಮೆಯಾದಾಗ ಅಮೋನಿಯಾವನ್ನು ತಗ್ಗಿಸುವ ಲ್ಯಾಕ್ಟುಲೋಸ್ ಎಂಬ ಔಷಧದ ಎನಿಮಾ ಕೊಡುತ್ತೇವೆ, ಅವರಿಗೆ ತಿಳಿವು ಮರಳುತ್ತದೆ. ಆದರೆ ಅದು ಆಸ್ಪತ್ರೆಯ ಹಾಸಿಗೆಯಲ್ಲಿ, ಒಂದು ನಿರ್ದಿಷ್ಟ ರೋಗಕ್ಕೆ.

ನಿಮ್ಮ ಬಗ್ಗೆ ಅಲ್ಲದಿದ್ದರೂ, ಓದುವ ಇತರರಿಗಾಗಿ ಒಂದು ಮಾತು. ತಿಂದದ್ದನ್ನು ಹೊರಹಾಕದಿದ್ದರೆ ಸಮಾಧಾನವಿಲ್ಲ, ಕನ್ನಡಿಯಲ್ಲಿ ಹೊಟ್ಟೆ ಕಂಡರೆ ಎನಿಮಾ ಬೇಕೆನಿಸುತ್ತದೆ ಎಂಬ ಸ್ಥಿತಿಗೆ ಬಂದವರು ಅದನ್ನು ಹೊಟ್ಟೆಯ ತೊಂದರೆ ಎಂದುಕೊಳ್ಳದೆ ಮನೋವೈದ್ಯರ ಹತ್ತಿರ ಹೇಳಿಕೊಳ್ಳಬೇಕು. ಆಹಾರ ಸೇವನೆಗೆ ಸಂಬಂಧಿಸಿದ ಮಾನಸಿಕ ಕಾಯಿಲೆಗಳ ಲಕ್ಷಣಗಳಲ್ಲಿ ಎನಿಮಾದ ದುರ್ಬಳಕೆಯೂ ಒಂದು, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಪ್ರತಿಕ್ರಿಯೆ: ಇಂಚರ

ವೈದ್ಯರಿಗೆ ಫೋನ್ ಮಾಡಿದೆ, ನಾಳೆ ಬೆಳಿಗ್ಗೆಯೇ ರಕ್ತ ಕೊಡಲು ಬರಹೇಳಿದ್ದಾರೆ. ಎನಿಮಾ ನಿಲ್ಲಿಸಿದ್ದೇನೆ. ಒಂದೇ ಒಂದು ಭಯ ಉಳಿದಿದೆ: ಇಷ್ಟು ದಿನ ನೀರು ಹಾಕಿ ಅಭ್ಯಾಸವಾಗಿರುವ ಕರುಳು ಇನ್ನು ತಾನಾಗಿ ಕೆಲಸ ಮಾಡುವುದೇ?

ಉತ್ತರ: ಹಗಲುಪಾಳಿ

ಮಾಡುತ್ತದೆ, ಹೆದರಬೇಡಿ. ಎನಿಮಾದಿಂದ ಕೆಳಭಾಗ ಖಾಲಿಯಾಗಿರುವುದರಿಂದ ಅದು ಮತ್ತೆ ತುಂಬಿ ಒತ್ತಡ ಬರಲು ಒಂದೆರಡು ದಿನ ಬೇಕು. ಆ ದಿನಗಳಲ್ಲಿ ಮಲ ಬಾರದಿದ್ದರೆ ಅದು ಮಲಬದ್ಧತೆಯಲ್ಲ, ಹೊರಬರಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ ಅಷ್ಟೆ. ಬಹಳ ಜನ ಈ ಹಂತದಲ್ಲೇ ಗಾಬರಿಯಾಗಿ ಮತ್ತೆ ಎನಿಮಾ ಚೀಲವನ್ನು ಕೈಗೆತ್ತಿಕೊಳ್ಳುತ್ತಾರೆ. ಅಷ್ಟಕ್ಕೂ ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಆಗುವುದೆಲ್ಲ ಸಹಜವೇ.

ಬೆಳಗಿನ ಊಟ ಅಥವಾ ತಿಂಡಿಯಾದ ಅರ್ಧ ಗಂಟೆಯೊಳಗೆ ಹೋಗಿ ಕುಳಿತುಕೊಳ್ಳಿ, ಏಕೆಂದರೆ ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿ ಅಲುಗುತ್ತದೆ. ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ ಇಟ್ಟು, ಮಂಡಿಗಳು ಸೊಂಟಕ್ಕಿಂತ ಮೇಲಿರುವಂತೆ ಮುಂದಕ್ಕೆ ಬಾಗಿ ಕುಳಿತರೆ ಗುದನಾಳದ ತಿರುವು ನೇರವಾಗುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ತಿಣುಕಬೇಡಿ. ನಾರಿನಂಶವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಒಮ್ಮೆಲೇ ಹೆಚ್ಚಿಸಿದರೆ ಉಬ್ಬರ ಜಾಸ್ತಿಯಾಗುತ್ತದೆ. ನೀರು, ಉಪ್ಪು ಎರಡನ್ನೂ ದಿನದಿಂದ ದಿನಕ್ಕೆ ಒಂದೇ ಪ್ರಮಾಣದಲ್ಲಿ ಇಟ್ಟುಕೊಳ್ಳಿ. ಲಿಥಿಯಂ ತೆಗೆದುಕೊಳ್ಳುವವರು ಅದನ್ನು ಹಠಾತ್ತನೆ ಏರಿಳಿಸಬಾರದು. ಇದರಿಂದ ಸಾಲದಿದ್ದರೆ ಮಲವನ್ನು ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯಂಥ ಔಷಧಗಳಿವೆ, ನಿಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಿ. ಮಲ ಮೆತ್ತಗಿದ್ದರೂ ಹೊರಬಾರದೆ ಬಾಗಿಲಲ್ಲೇ ತಡೆದಂತಾಗುತ್ತಿದ್ದರೆ ಅದನ್ನೂ ಹೇಳಿ. ತಿಣುಕುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯಾಗುವುದು ಅದಕ್ಕೆ ಕಾರಣವಿರಬಹುದು, ಬಯೋಫೀಡ್‌ಬ್ಯಾಕ್ (ಸ್ನಾಯುವಿನ ಚಲನೆಯನ್ನು ಪರದೆಯ ಮೇಲೆ ನೋಡುತ್ತಾ ಹತೋಟಿ ಕಲಿಯುವ) ತರಬೇತಿಯಿಂದ ಅದು ಹೆಚ್ಚಿನವರಲ್ಲಿ ಸರಿಹೋಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವು ಎಂದಾದರೂ ಕಂಡರೆ ಕರುಳಿನ ತಜ್ಞರಿಗೆ ತೋರಿಸುವುದನ್ನು ಮುಂದೂಡಬೇಡಿ.

ನಾಳೆ ರಕ್ತ ಕೊಡಲು ಹೋದಾಗ ಎನಿಮಾದ ವಿಷಯವನ್ನು, ಕಾಫಿ ಬಳಸಿದ್ದನ್ನೂ ಸೇರಿಸಿ, ಸಂಕೋಚವಿಲ್ಲದೆ ತಿಳಿಸಿ. ಸೋಡಿಯಂ ಅಥವಾ ಲಿಥಿಯಂ ಅಂಕಿಯಲ್ಲಿ ವ್ಯತ್ಯಾಸ ಕಂಡರೆ ಅದರ ಕಾರಣ ಹುಡುಕುವವರಿಗೆ ಬೇಕಾಗುವ ಮೊದಲ ಸುಳಿವು ಅದೇ.